ಮರದ ಕಿಟಕಿ ಬ್ಲೈಂಡ್: ಮನೆಯ ಕಾರ್ಯಾಗಾರದಲ್ಲಿ ತಯಾರಿಕೆ

ಕಿಟಕಿಗೆ ಅಡ್ಡಲಾಗಿ ಒಂದರ ಕೆಳಗೊಂದರಂತೆ ತೂಗುಬಿಟ್ಟ ತೆಳು ಮರದ ಪಟ್ಟಿಗಳ ಪರದೆಯೇ ಮರದ ಬ್ಲೈಂಡ್. ಪಟ್ಟಿಗಳನ್ನು ಓರೆಯಾಗಿಸಿ ಬೆಳಕನ್ನು ಬೇಕಾದಷ್ಟೇ ಒಳಬಿಟ್ಟುಕೊಳ್ಳಬಹುದು, ಹಗ್ಗ ಎಳೆದು ಇಡೀ ಪರದೆಯನ್ನು ಮೇಲಕ್ಕೇರಿಸಲೂಬಹುದು. ವೆನೀಷಿಯನ್ ಬ್ಲೈಂಡ್ ಎಂದು ಹೆಸರಾದ ಬಗೆ ಇದು. ಸಪೂರ ಕಡ್ಡಿಗಳನ್ನು ದಾರದಲ್ಲಿ ಹೆಣೆದು ಸುರುಳಿ ಸುತ್ತುವ ಇನ್ನೊಂದು ಬಗೆಯೂ ಇದೆ. ಸಾಧಾರಣ ಮರಗೆಲಸ ಬಲ್ಲವರು ಎರಡನ್ನೂ ಮನೆಯಲ್ಲೇ ಮಾಡಿಕೊಳ್ಳಬಹುದು. ಮೇಲ್ನೋಟಕ್ಕೆ ಇದು ಹಗ್ಗ, ರಾಟೆ, ಗಿಯರುಗಳ ಕೆಲಸದಂತೆ ಕಾಣುತ್ತದೆ. ಆದರೆ ಅವೆಲ್ಲ ಅಂಗಡಿಯಲ್ಲಿ ಸಿಗುವ ಸಾಮಾನು. ಮಾಡುವವರ ಪಾಲಿಗೆ ಉಳಿಯುವುದು ಮೂರು ಮಿಲಿಮೀಟರ್ ದಪ್ಪದ ಮೂವತ್ತು ನಲವತ್ತು ಪಟ್ಟಿಗಳನ್ನು ಒಂದೇ ಅಳತೆಗೆ ತರುವುದು, ತಂದ ಮೇಲೆ ಅವು ಬಾಗದಂತೆ ಕಾಯುವುದು. ಬ್ಲೈಂಡ್ ನೆಟ್ಟಗೆ ನಿಲ್ಲುತ್ತದೋ ಇಲ್ಲವೋ ಎಂಬುದು ಹಗ್ಗ ಪೋಣಿಸುವ ಹೊತ್ತಿಗಾಗಲೇ ತೀರ್ಮಾನವಾಗಿರುತ್ತದೆ.

ಹಿನ್ನೆಲೆ

ಪತ್ರದಾಖಲೆಗಳಲ್ಲಿ ಮರದ ಬ್ಲೈಂಡ್ ಎದ್ದು ಕಾಣುವುದು 18ನೆಯ ಶತಮಾನದ ಉತ್ತರಾರ್ಧದಲ್ಲಿ. ಲಂಡನ್ನಿನಿಂದ ಬಂದಿದ್ದ ಜಾನ್ ವೆಬ್‌ಸ್ಟರ್ 1767ರಲ್ಲಿ ಫಿಲಡೆಲ್ಫಿಯಾದಲ್ಲಿ ತನ್ನ ಬ್ಲೈಂಡ್‌ಗಳ ಬಗ್ಗೆ ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟ. ಎರಡು ವರ್ಷದ ಬಳಿಕ, 1769ರ ಡಿಸೆಂಬರ್ 11ರಂದು, ಲಂಡನ್ನಿನ ಎಡ್ವರ್ಡ್ ಬೆರನ್‌ಗೆ ಇದರ ಪೇಟೆಂಟ್ ಸಿಕ್ಕಿತು. 1770ರಲ್ಲಿ ವರ್ಜೀನಿಯಾದ ವಿಲಿಯಮ್ಸ್‌ಬರ್ಗ್‌ನಲ್ಲಿ ಜೋಶುವಾ ಕೆಂಡಲ್ ಎಂಬ ಬಡಗಿ ತಾನೂ ಮಾಡಿಕೊಡುವೆನೆಂದು ಪ್ರಕಟಿಸಿದ. ಆಗಿನವು ಹೆಚ್ಚಾಗಿ ಹಸಿರು ಬಣ್ಣ ಬಳಿದ ಬ್ಲೈಂಡ್‌ಗಳು.

ಮನೆಯಲ್ಲೇ ಮಾಡಿಕೊಳ್ಳುವ ಯೋಚನೆಯೂ ಅಷ್ಟೇ ಹಳೆಯದು. ಜಾರ್ಜ್ ವಾಷಿಂಗ್ಟನ್ 1780ರ ದಶಕದಲ್ಲಿ ತನ್ನ ಮೌಂಟ್ ವರ್ನನ್ ಮನೆಗೆ ಫಿಲಡೆಲ್ಫಿಯಾದಿಂದ ಬ್ಲೈಂಡ್ ತರಿಸಿದ್ದು ಮಾದರಿಗೆಂದು. ಉಳಿದ ಕಿಟಕಿಗಳದ್ದನ್ನು ಅದನ್ನು ನೋಡಿ ಮನೆಯಲ್ಲೇ ಮಾಡಿಸುವುದು ಅವನ ಲೆಕ್ಕಾಚಾರ. ‘ಮನೆಯಲ್ಲೇ’ ಎಂದರೆ ಯಾರ ಕೈಯಲ್ಲಿ ಎಂಬುದನ್ನೂ ಸೇರಿಸಬೇಕು: ಆ ಎಸ್ಟೇಟಿನ ಮರಗೆಲಸದ ಬಹುಪಾಲು ಗುಲಾಮಗಿರಿಯಲ್ಲಿದ್ದ ಬಡಗಿಗಳ ದುಡಿಮೆ.

ಪಟ್ಟಿಗಳ ಕೋನವನ್ನು ಬೇಕಾದಂತೆ ಹೊಂದಿಸುವ ಸುಧಾರಿತ ವ್ಯವಸ್ಥೆಗೆ ನ್ಯೂ ಆರ್ಲಿಯನ್ಸ್‌ನ ಜಾನ್ ಹ್ಯಾಂಪ್ಸನ್ 1841ರಲ್ಲಿ ಪೇಟೆಂಟ್ ಪಡೆದ. 1930ರ ದಶಕದಲ್ಲಿ ನ್ಯೂಯಾರ್ಕಿನ ಗಗನಚುಂಬಿಗಳು, ಮುಖ್ಯವಾಗಿ ರಾಕ್‌ಫೆಲರ್ ಸೆಂಟರ್‌ನ ಆರ್‌ಸಿಎ ಕಟ್ಟಡ ಮತ್ತು ಎಂಪೈರ್ ಸ್ಟೇಟ್ ಕಟ್ಟಡ, ಬ್ಲೈಂಡನ್ನು ಕಚೇರಿಯ ಸಾಮಾನಾಗಿಸಿದವು. ಎಂಪೈರ್ ಸ್ಟೇಟ್‌ಗೆ ಒದಗಿಸಿದ್ದು ವರ್ಮಾಂಟ್‌ನ ಬರ್ಲಿಂಗ್‌ಟನ್ ಕಂಪನಿ. ಎರಡನೆಯ ಮಹಾಯುದ್ಧದ ನಂತರ ಹಂಟರ್ ಡಗ್ಲಸ್ ಸಂಸ್ಥೆ ಅಲ್ಯೂಮಿನಿಯಂ ಪಟ್ಟಿಗಳನ್ನು ಪೇಟೆಗೆ ತಂದಿತು. ಬಾಗದ, ಉಬ್ಬದ, ಹಗುರವಾದ ಲೋಹದ ಮುಂದೆ ಮರ ಹಿಂದೆ ಸರಿಯಿತು. ಇಂದು ಮರದ ಬ್ಲೈಂಡ್ ಬೇಕೆನ್ನುವವರು ಅದರ ಚಂದಕ್ಕೆ ಬೇಕೆನ್ನುತ್ತಾರೆ, ಅನುಕೂಲಕ್ಕಲ್ಲ. ಇದನ್ನು ಒಪ್ಪಿಕೊಂಡು ಕೆಲಸಕ್ಕೆ ಇಳಿಯುವುದು ಒಳ್ಳೆಯದು.

ಅಂಗಾಂಗ ಮತ್ತು ಲೆಕ್ಕ

ಮೇಲೆ ತಲೆಪಟ್ಟಿ, ಎತ್ತುವ ಮತ್ತು ಓರೆ ಮಾಡುವ ಸಲಕರಣೆಯೆಲ್ಲ ಅದರೊಳಗೆ. ಕೆಳಗೆ ತುಸು ದಪ್ಪನೆಯ ಅಡಿಪಟ್ಟಿ. ಅದರ ಭಾರವೇ ಪರದೆಯನ್ನು ನೆಟ್ಟಗೆ ಇಳಿಸುತ್ತದೆ. ನಡುವೆ ಪಟ್ಟಿಗಳು. ಇವನ್ನು ಹೊರುವುದು ಏಣಿದಾರ: ಮುಂದೊಂದು ಹಿಂದೊಂದು ನೇರ ದಾರ, ಎರಡನ್ನೂ ಕೂಡಿಸುವ ಅಡ್ಡ ಮೆಟ್ಟಿಲುಗಳು. ಪ್ರತಿ ಮೆಟ್ಟಿಲಿನ ಮೇಲೆ ಒಂದು ಪಟ್ಟಿ ಸುಮ್ಮನೆ ಕುಳಿತಿರುತ್ತದೆ. ಅಂಟಾಗಲಿ ಮೊಳೆಯಾಗಲಿ ಇಲ್ಲ. ಮುಂದಿನ ದಾರ ಏರಿ ಹಿಂದಿನದು ಇಳಿದರೆ ಪಟ್ಟಿಗಳೆಲ್ಲ ಒಟ್ಟಿಗೆ ಓರೆಯಾಗುತ್ತವೆ. ಎತ್ತುವ ಹಗ್ಗ ಪಟ್ಟಿಗಳಲ್ಲಿ ಕೊರೆದ ಸೀಳುಗಳ ಮೂಲಕ ಹಾದು ಅಡಿಪಟ್ಟಿಯಲ್ಲಿ ಗಂಟಾಗಿ ನಿಲ್ಲುತ್ತದೆ.

50 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಪಟ್ಟಿ ಮನೆಗೆಲಸಕ್ಕೆ ಹದವಾದ ಅಳತೆ. ಅದಕ್ಕೆ ಮೆಟ್ಟಿಲುಗಳ ಅಂತರ ಸುಮಾರು 44 ಮಿ.ಮೀ. ಇದ್ದರೆ, ಮುಚ್ಚಿದಾಗ ಪಟ್ಟಿಗಳು ಒಂದರ ಮೇಲೊಂದು ತುಸು ಹಾಯುತ್ತವೆ. 1,200 ಮಿ.ಮೀ. ಅಗಲದ, ತಲೆಪಟ್ಟಿಯ ಕೆಳಗೆ 1,500 ಮಿ.ಮೀ. ಇಳಿಯುವ ಬ್ಲೈಂಡ್‌ಗೆ 34 ಪಟ್ಟಿ ಬೇಕಾಗುತ್ತದೆ. ನಾಲ್ಕೈದು ಹೆಚ್ಚಿಗೆ ಮಾಡಿಕೊಳ್ಳುವುದು ಜಾಣತನ. ಪೂರ್ತಿ ಎತ್ತಿದಾಗ ಪಟ್ಟಿಗಳ ರಾಶಿ ಸುಮಾರು 120ರಿಂದ 130 ಮಿ.ಮೀ. ಎತ್ತರವಾಗುತ್ತದೆ, ಅದರ ಮೇಲೆ ತಲೆಪಟ್ಟಿ. ಅಷ್ಟು ಕಿಟಕಿ ಯಾವಾಗಲೂ ಮುಚ್ಚಿಯೇ ಇರುತ್ತದೆ.

ಏಣಿದಾರ ಎಷ್ಟು ಸಾಲು ಬೇಕೆಂಬುದನ್ನು ಕಣ್ಣಂದಾಜಿಗೆ ಬಿಡಬಾರದು. ಪಟ್ಟಿ ತನ್ನ ಭಾರಕ್ಕೇ ಜೋಲುವ ಪ್ರಮಾಣ, ಆಧಾರಗಳ ನಡುವಿನ ದೂರದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ದೂರ ಎರಡು ಪಟ್ಟಾದರೆ ಜೋಲು ಹದಿನಾರು ಪಟ್ಟು, 600 ಮಿ.ಮೀ. ಇದ್ದದ್ದನ್ನು 450ಕ್ಕೆ ಇಳಿಸಿದರೆ ಮೂರರಲ್ಲೊಂದು ಭಾಗಕ್ಕಿಂತ ಕಡಿಮೆ. ಆದ್ದರಿಂದ 1,200 ಮಿ.ಮೀ. ಪಟ್ಟಿಗೆ ತುದಿಗಳಿಂದ 150 ಮಿ.ಮೀ. ಒಳಗೆ ಎರಡು ಏಣಿ, ನಡುವೆ ಇನ್ನೊಂದು, ಒಟ್ಟು ಮೂರು. ಪಟ್ಟಿಯ ಬಿಗುವು ದಪ್ಪದ ಘನಕ್ಕೆ ಅನುಗುಣ: ಉಜ್ಜುತ್ತ ಉಜ್ಜುತ್ತ 3 ಮಿ.ಮೀ. ಪಟ್ಟಿ 2.5ಕ್ಕೆ ಇಳಿದರೆ ಬಿಗುವಿನಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಹೋಯಿತು. ಉಜ್ಜುಕಾಗದವನ್ನು ಕೈಗೆತ್ತಿಕೊಳ್ಳುವ ಮುನ್ನ ನೆನಪಿನಲ್ಲಿಡಬೇಕಾದ ಸಂಗತಿ ಇದು.

ಮರ

ಕಾರ್ಖಾನೆಗಳ ಮೆಚ್ಚಿನ ಮರ ಬಾಸ್‌ವುಡ್, ಅಂದರೆ ಅಮೆರಿಕದ ಲಿಂಡೆನ್. ಹಗುರ, ನೇರ ಎಳೆ, ಗಂಟು ವಿರಳ, ಬಣ್ಣವನ್ನು ಸಮನಾಗಿ ಹೀರುವ ಮೈ. ಅದಕ್ಕಿಂತ ಹಗುರ ಪೌಲೋನಿಯಾ. ಆಗ್ನೇಯ ಏಷ್ಯಾದ ರಾಮಿನ್ ಒಂದು ಕಾಲಕ್ಕೆ ಬ್ಲೈಂಡ್‌ಗಳಿಗೂ ಚಿತ್ರದ ಚೌಕಟ್ಟುಗಳಿಗೂ ಧಾರಾಳವಾಗಿ ಬಳಕೆಯಾಗಿ, ಕಾಡಿನಲ್ಲಿ ಅಪರೂಪವಾಯಿತು. 2004ರ ಬ್ಯಾಂಕಾಕ್ ಸಭೆಯಲ್ಲಿ ಅದನ್ನು, ಅಳಿವಿನಂಚಿನ ಜೀವಿಗಳ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧಕ್ಕೆ ಸೇರಿಸಲಾಯಿತು. ಹಳೆಯ ಕೈಪಿಡಿಗಳಲ್ಲಿ ಅದರ ಹೆಸರು ಕಂಡರೆ ಹುಡುಕಲು ಹೊರಡಬೇಕಿಲ್ಲ.

ಭಾರ ಇಲ್ಲಿ ಮುಖ್ಯ, ಏಕೆಂದರೆ ಪಟ್ಟಿಗಳೆಲ್ಲವನ್ನೂ ದಿನಾ ಎತ್ತುವುದು ಒಂದು ಹಗ್ಗದಿಂದ. ಮೇಲೆ ಹೇಳಿದ 34 ಪಟ್ಟಿಗಳಿಗೆ ಹಿಡಿಯುವ ಮರ ಬರೀ 0.006 ಘನ ಮೀಟರ್. ಅದು ಪೌಲೋನಿಯಾದಲ್ಲಾದರೆ ಸುಮಾರು 1.7 ಕಿಲೋ, ಬಾಸ್‌ವುಡ್ಡಿನಲ್ಲಿ 2.5 ಕಿಲೋ, ತೇಗದಲ್ಲಿ 4 ಕಿಲೋ. ಅಡಿಪಟ್ಟಿಯ ತೂಕ ಬೇರೆ. ನಮ್ಮಲ್ಲಿ ತೇಗವೆಂದರೆ ಮರಗಳ ರಾಜ, ಕೇಳುವುದೇ ಬೇಡ ಎಂಬ ನಂಬಿಕೆ ಬಲವಾಗಿದೆ. ಸಣ್ಣ ಕಿಟಕಿಗೆ ಆ ನಂಬಿಕೆ ನಡೆಯುತ್ತದೆ. ತೇಗ ಕುಗ್ಗುವುದು ನಿಜಕ್ಕೂ ಬಹಳ ಕಡಿಮೆ. ಆದರೆ ಆರಡಿ ಅಗಲದ ಕಿಟಕಿಗೆ ತೇಗದ ಬ್ಲೈಂಡ್ ಹಾಕಿದವರು ಬೆಳಿಗ್ಗೆ ಅದನ್ನು ಎತ್ತುವುದನ್ನೇ ಬಿಟ್ಟುಬಿಡುತ್ತಾರೆ. ಜೊತೆಗೆ ತೇಗದಲ್ಲಿರುವ ಮರಳಿನಂಥ ಸಿಲಿಕಾ ಗರಗಸದ ಹಲ್ಲನ್ನೂ ಉಳಿಯ ಬಾಯನ್ನೂ ಬೇಗ ಮೊಂಡಾಗಿಸುತ್ತದೆ.

ಕರ್ನಾಟಕದ ಮರದಂಗಡಿಗಳ ಮಟ್ಟಿಗೆ, ಈ ಕೆಲಸಕ್ಕೆ ಹೆಚ್ಚು ಒಗ್ಗುವುದು ಶಿವನೆ. ತೇಗಕ್ಕಿಂತ ಹಗುರ, ತಿಳಿ ಬಣ್ಣ, ಮತ್ತು ಒಮ್ಮೆ ಒಣಗಿದರೆ ಅಳತೆ ಬದಲಿಸದ ಗುಣ. ವಾದ್ಯ ಮಾಡುವವರು ಅದನ್ನು ಇಷ್ಟಪಡುವುದೂ ಇದೇ ಕಾರಣಕ್ಕೆ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕನ್ನು ಸರಿಯಾದ ದಿಕ್ಕಿನಲ್ಲಿ ಕೊಯ್ದರೆ ಪಟ್ಟಿಯ ಮೈಮೇಲೆ ಹೊಳೆವ ಚುಕ್ಕೆಗಳ ಸಾಲು ಮೂಡುತ್ತದೆ. ಬಣ್ಣ ಬಳಿದು ಅದನ್ನು ಮುಚ್ಚುವುದು ಅನ್ಯಾಯ. ಅದರ ಹುಡಿ ಕೆಲವರ ಚರ್ಮಕ್ಕೆ ಆಗಿಬರುವುದಿಲ್ಲ. ಚನ್ನಪಟ್ಟಣದ ಬೊಂಬೆಗಳ ಆಲೆ ಮರ ನುಣುಪಿನಲ್ಲಿ ಎಲ್ಲವನ್ನೂ ಮೀರಿಸುತ್ತದಾದರೂ ಅದರ ಕಾಂಡ ಸಣ್ಣದು, ಉದ್ದ ಪಟ್ಟಿ ಸಿಗುವುದಿಲ್ಲ. ಹಗ್ಗದ ತುದಿಗೆ ಕಟ್ಟುವ ಗುಂಡು ಬೇಕೆಂದರೆ ಅದು ಹೇಳಿಮಾಡಿಸಿದ ಮರ. ಪೈನ್ ಅಗ್ಗ, ಗಂಟಿಲ್ಲದ ತುಂಡುಗಳನ್ನು ಆರಿಸಿಕೊಳ್ಳುವ ತಾಳ್ಮೆಯಿದ್ದರೆ ಮೊದಲ ಪ್ರಯತ್ನಕ್ಕೆ ಸಾಕು.

ಮರ ಯಾವುದೇ ಇರಲಿ, ತೇವಾಂಶ ನೂರಕ್ಕೆ 8ರಿಂದ 12ರೊಳಗೆ ಇಳಿದಿರಬೇಕು. ಅಂಗಡಿಯಿಂದ ತಂದ ಹಲಗೆಯನ್ನು ಬ್ಲೈಂಡ್ ತೂಗುವ ಕೋಣೆಯಲ್ಲೇ, ಸಂದು ಬಿಟ್ಟು ಒಟ್ಟಿ, ಕೆಲವು ವಾರ ಬಿಡುವುದು ರೂಢಿ. ಮಂಗಳೂರಿನ ಮಳೆಗಾಲದಲ್ಲಿ ಕೊಯ್ದು ಬಳ್ಳಾರಿಯ ಬೇಸಿಗೆಯಲ್ಲಿ ತೂಗುಹಾಕಿದರೆ ಪಟ್ಟಿಗಳು ತಮ್ಮ ಮನಸ್ಸಿಗೆ ಬಂದಂತೆ ತಿರುಚಿಕೊಳ್ಳುತ್ತವೆ.

ಕೊಯ್ಯುವ ದಿಕ್ಕು

ಇಡೀ ಕೆಲಸದ ಗುಟ್ಟು ಇಲ್ಲಿದೆ. ಮರ ಒಣಗುವಾಗ ವರ್ಷದ ಉಂಗುರಗಳಿಗೆ ಸಮಾನಾಂತರವಾಗಿ ಹೆಚ್ಚು, ತಿರುಳಿನಿಂದ ತೊಗಟೆಯ ಕಡೆಗೆ ಕಡಿಮೆ ಕುಗ್ಗುತ್ತದೆ. ಹಸಿಯಿಂದ ಪೂರ್ತಿ ಒಣಗುವವರೆಗೆ ತೇಗ ಉಂಗುರದುದ್ದಕ್ಕೆ ನೂರಕ್ಕೆ 5.8ರಷ್ಟೂ ತಿರುಳು-ತೊಗಟೆಯ ದಿಕ್ಕಿಗೆ 2.5ರಷ್ಟೂ ಕುಗ್ಗುತ್ತದೆ, ಬಾಸ್‌ವುಡ್ಡಿನಲ್ಲಿ ಇದು 9.3 ಮತ್ತು 6.6. ಪಟ್ಟಿ ಒಂದು ಮಿಲಿಮೀಟರ್ ಕಿರಿದಾದರೆ ಯಾರ ಕಣ್ಣಿಗೂ ಬೀಳುವುದಿಲ್ಲ. ತೊಂದರೆ ಇರುವುದು ಎರಡು ಮೈ ಬೇರೆಬೇರೆಯಾಗಿ ಕುಗ್ಗಿದಾಗ: ಪಟ್ಟಿ ದೋಣಿಯಂತೆ ಡೊಂಕಾಗುತ್ತದೆ. ಉಂಗುರಗಳು ಪಟ್ಟಿಯ ಅಗಲದ ಮೈಗೆ ಲಂಬವಾಗಿ ನಿಂತಿದ್ದರೆ ಈ ಡೊಂಕು ಹತ್ತಿರ ಹತ್ತಿರ ಇಲ್ಲವೆನ್ನುವಷ್ಟು ಕಡಿಮೆ.

ಅಂಥ ಪಟ್ಟಿಗೆ ದುಬಾರಿ ನಾಟಾ ಬೇಕಿಲ್ಲ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಹಲಗೆಯಲ್ಲಿ ಉಂಗುರಗಳು ಅಗಲದ ಮೈಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಮಲಗಿರುತ್ತವೆ. 50 ಮಿ.ಮೀ.ಗೆ ತುಸು ಹೆಚ್ಚು ದಪ್ಪದ ಅಂಥ ಹಲಗೆಯ ಅಂಚಿನಿಂದ, ರೊಟ್ಟಿಯ ಹೋಳಿನಂತೆ, 4 ಮಿ.ಮೀ. ಪಟ್ಟಿಗಳನ್ನು ಸೀಳುತ್ತ ಹೋದರೆ ಹಲಗೆಯ ದಪ್ಪವೇ ಪಟ್ಟಿಯ ಅಗಲವಾಗುತ್ತದೆ, ಮಲಗಿದ್ದ ಉಂಗುರಗಳು ಎದ್ದು ನಿಲ್ಲುತ್ತವೆ. ತೆಳು ಹಲಗೆಯನ್ನು ತಂದು ಅದರ ಅಗಲದ ಮೈಯಿಂದ ಪದರ ಬಿಡಿಸಲು ಹೋದವರಿಗೆ ಇದರ ತದ್ವಿರುದ್ಧ ಸಿಗುತ್ತದೆ.

ಸೀಳಲು ಬ್ಯಾಂಡ್‌ಸಾ ಉತ್ತಮ. ಅದರ ಅಲಗು ತಿನ್ನುವುದು ಸುಮಾರು 1 ಮಿ.ಮೀ.; 150 ಮಿ.ಮೀ. ಅಗಲದ ಹಲಗೆಯಿಂದ 30 ಪಟ್ಟಿಯವರೆಗೆ ಸಿಗುತ್ತದೆ. ಮೇಜಿನ ವೃತ್ತ ಗರಗಸ 3 ಮಿ.ಮೀ. ತಿನ್ನುವುದರಿಂದ ಅದೇ ಹಲಗೆಯಲ್ಲಿ 21 ಮಾತ್ರ, ಉಳಿದದ್ದು ಹೊಟ್ಟು. ಮೇಲಾಗಿ ವೃತ್ತ ಗರಗಸದಲ್ಲಿ ತೆಳು ಪಟ್ಟಿಯನ್ನು ಅಲಗು ಮತ್ತು ಬೇಲಿಯ (ಹಲಗೆಯನ್ನು ಒರಗಿಸಿ ತಳ್ಳುವ ಅಡ್ಡಪಟ್ಟಿ) ನಡುವೆ ಸಿಕ್ಕಿಸಿ ಸೀಳುವುದು ಅಪಾಯ. ಪಟ್ಟಿ ಬಾಣದಂತೆ ಹಿಂದಕ್ಕೆ ಚಿಮ್ಮಬಹುದು. ಪಟ್ಟಿ ಅಲಗಿನ ಹೊರಮಗ್ಗುಲಿಗೆ ಬೀಳುವಂತೆ ಹೊಂದಿಸಿ, ಪ್ರತಿ ಸಲ ಬೇಲಿಯನ್ನು ಸರಿಸಿಕೊಳ್ಳಬೇಕು. ಕೈಗರಗಸದಲ್ಲೂ ಸೀಳಬಹುದು, ಆದರೆ ನಾಲ್ಕಡಿ ಉದ್ದದ ನಲವತ್ತು ಕೊಯ್ತವೆಂದರೆ ಅದೊಂದು ತಪಸ್ಸು. ಪೂರ್ತಿ ಕೈಯಲ್ಲೇ ಮಾಡುವ ಹಟವಿದ್ದವರು ಸಣ್ಣ ಕಿಟಕಿಯಿಂದ ಶುರುಮಾಡುವುದು ಲೇಸು.

ಪ್ರತಿ ಕೊಯ್ತಕ್ಕೆ ಮೊದಲು ಹಲಗೆಯ ಅಂಚನ್ನು ಒಮ್ಮೆ ಹೆರೆದುಕೊಂಡರೆ ಪಟ್ಟಿಯ ಒಂದು ಮೈಯಾದರೂ ನುಣುಪಾಗಿ ಹೊರಬರುತ್ತದೆ. ಸೀಳುವಾಗ ಸೊಟ್ಟಗಾಗುವ ಪಟ್ಟಿಗಳು ಇದ್ದೇ ಇರುತ್ತವೆ. ಹಲಗೆಯೊಳಗೆ ಅಡಗಿದ್ದ ಬಿಗಿತ ಆಗ ಬಿಡುಗಡೆಯಾಗುತ್ತದೆ. ಅಂಥವನ್ನು ತಿದ್ದಲು ಹೋಗದೆ ಬದಿಗೆ ಹಾಕುವುದೇ ಸರಿ. ಉಳಿದವುಗಳ ನಡುವೆ ಕಡ್ಡಿಗಳನ್ನಿಟ್ಟು, ಮೇಲೆ ಭಾರ ಹೇರಿ, ಒಂದು ವಾರ ಬಿಟ್ಟು ಇನ್ನೊಮ್ಮೆ ಜರಡಿ ಹಿಡಿಯಬೇಕು.

ಹೆರೆಯುವುದು

ಮೂರು ಮಿಲಿಮೀಟರ್ ಪಟ್ಟಿಯನ್ನು ಉಜ್ಜುಗೊರಡಿನಿಂದ (ನಮ್ಮ ಬಡಗಿಗಳು ತೋಪಡ ಎನ್ನುವುದು ಇದನ್ನೇ) ಹೆರೆಯುವುದರಲ್ಲಿ ಒಂದು ಸಣ್ಣ ಉಪಾಯವಿದೆ. ದಪ್ಪ ಹಲಗೆಗಾದರೆ ಮುಂದುಗಡೆ ತಡೆಯಿಟ್ಟು ಅದರ ಕಡೆಗೆ ತಳ್ಳುತ್ತೇವೆ. ತೆಳು ಪಟ್ಟಿಗೆ ಹಾಗೆ ಮಾಡಿದರೆ ಅದು ನಡುವಿನಲ್ಲಿ ಬಿಲ್ಲಾಗಿ ಏಳುತ್ತದೆ, ಅಲಗು ಕಚ್ಚಿ ಪಟ್ಟಿ ಮುರಿಯುತ್ತದೆ. ಪಟ್ಟಿಯ ಹಿಂದಿನ ತುದಿಯನ್ನು, ಅಂದರೆ ನಾವು ನಿಂತ ಕಡೆಯದನ್ನು, ಮೇಜಿಗೆ ಬಿಗಿದು ಅಲ್ಲಿಂದ ಮುಂದಕ್ಕೆ ಹೆರೆದರೆ ಪಟ್ಟಿ ಎಳೆತದಲ್ಲಿರುತ್ತದೆ, ಚಪ್ಪಟೆಯಾಗಿ ಮಲಗಿರುತ್ತದೆ. ವಾದ್ಯ ತಯಾರಕರು ಇದನ್ನೇ ಇನ್ನೊಂದು ರೀತಿ ಮಾಡುತ್ತಾರೆ: ಉಜ್ಜುಗೊರಡನ್ನು ನಿಗದಿತ ಎತ್ತರದಲ್ಲಿ ಅಲ್ಲಾಡದಂತೆ ಬಿಗಿದು, ಪಟ್ಟಿಯನ್ನು ಅದರ ಕೆಳಗಿನಿಂದ ಎಳೆಯುತ್ತಾರೆ. ಎಲ್ಲ ಪಟ್ಟಿಗೂ ಒಂದೇ ದಪ್ಪ ತಾನಾಗಿ ಬರುತ್ತದೆ.

ಯಂತ್ರದ ಪ್ಲೇನರ್ ಇದ್ದವರು ಪಟ್ಟಿಯನ್ನು ಸಮತಟ್ಟಾದ ಇನ್ನೊಂದು ಹಲಗೆಯ ಮೇಲೆ ಎರಡು ಬದಿಯ ಅಂಟುಪಟ್ಟಿಯಿಂದ ಕೂರಿಸಿ ಒಟ್ಟಿಗೆ ತೂರಿಸಬೇಕು. ಒಂಟಿಯಾಗಿ ತೂರಿಸಿದ ತೆಳು ಪಟ್ಟಿ ಯಂತ್ರದೊಳಗೇ ಚೂರಾಗುವುದುಂಟು. ಡ್ರಮ್ ಸ್ಯಾಂಡರ್ ಇದ್ದರೆ ಎಲ್ಲಕ್ಕಿಂತ ಸಲೀಸು. ಕೊನೆಗೆ ಪಟ್ಟಿಗಳನ್ನೆಲ್ಲ ಅಂಚಿನ ಮೇಲೆ ನಿಲ್ಲಿಸಿ, ಒಟ್ಟಾಗಿ ಕ್ಲಾಂಪಿನಲ್ಲಿ ಹಿಡಿದು, ಅಗಲವನ್ನು ಒಮ್ಮೆಲೇ ಹೆರೆಯಬೇಕು. ಒಂದು ಬ್ಲೈಂಡಿನ ಪಟ್ಟಿಗಳು ನಿಖರವಾಗಿ 50 ಮಿ.ಮೀ. ಇರುವುದಕ್ಕಿಂತ ಎಲ್ಲವೂ ಒಂದೇ ಆಗಿರುವುದು ಮುಖ್ಯ. ಅಂಚುಗಳ ಚೂಪನ್ನು ಉಜ್ಜುಕಾಗದದಿಂದ ತುಸು ಮುರಿಯಬೇಕು. ಚೂಪು ಅಂಚಿನಲ್ಲಿ ಬಣ್ಣ ನಿಲ್ಲುವುದಿಲ್ಲ, ಏಣಿದಾರವೂ ಸವೆಯುತ್ತದೆ.

ಹುಡಿಯ ಬಗ್ಗೆ ಉದಾಸೀನ ಸಲ್ಲ. ಮರದ ಹುಡಿಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1995ರಲ್ಲಿ ಮನುಷ್ಯರಿಗೆ ಕ್ಯಾನ್ಸರ್‌ಕಾರಕ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಒಂದು ಬ್ಲೈಂಡ್ ಮುಗಿಯುವಷ್ಟರಲ್ಲಿ ಏಳುವ ಹುಡಿ, ಅಷ್ಟೇ ಮರದ ಒಂದು ಸ್ಟೂಲಿನ ಹುಡಿಗಿಂತ ಎಷ್ಟೋ ಪಾಲು ಹೆಚ್ಚು. ಮುಖಗವಸು, ಹುಡಿ ಹೀರುವ ಯಂತ್ರ, ತೆರೆದ ಬಾಗಿಲು ಮೂರೂ ಬೇಕು.

ಸೀಳು

ಎತ್ತುವ ಹಗ್ಗ ಹಾಯುವ ಸೀಳು ಪಟ್ಟಿಯ ಅಗಲದ ದಿಕ್ಕಿಗೆ ಉದ್ದವಾಗಿರಬೇಕು. ಕಾರಣ ಸರಳ: ಪಟ್ಟಿ ಓರೆಯಾದಂತೆ, ನೆಟ್ಟಗೆ ಇಳಿಯುವ ಹಗ್ಗಕ್ಕೆ ಪಟ್ಟಿಯ ದಪ್ಪವನ್ನು ದಾಟಲು ಹೆಚ್ಚು ಉದ್ದದ ದಾರಿ ಬೇಕಾಗುತ್ತದೆ. 2 ಮಿ.ಮೀ. ಹಗ್ಗ, 3 ಮಿ.ಮೀ. ಪಟ್ಟಿ, 70 ಡಿಗ್ರಿ ಓರೆ ಎಂದಿಟ್ಟುಕೊಂಡರೆ ಕನಿಷ್ಠ 14 ಮಿ.ಮೀ. ಬೇಕು. 18 ಮಿ.ಮೀ. ಉದ್ದ, 6 ಮಿ.ಮೀ. ಅಗಲದ ಸೀಳು ಧಾರಾಳ. ಆದರೆ 50 ಮಿ.ಮೀ. ಪಟ್ಟಿಯಲ್ಲಿ ಎಳೆಗೆ ಅಡ್ಡಲಾಗಿ 18 ಮಿ.ಮೀ. ಕತ್ತರಿಸಿದರೆ ಎರಡೂ ಕಡೆ ಉಳಿಯುವುದು 16 ಮಿ.ಮೀ. ಮಾತ್ರ. ಪಟ್ಟಿ ಮುರಿದರೆ ಇಲ್ಲೇ ಮುರಿಯುವುದು. ಗಂಟು ಅಥವಾ ಎಳೆಯ ತಿರುವು ಇರುವ ಜಾಗಕ್ಕೆ ಸೀಳು ಬರದಂತೆ ಪಟ್ಟಿಯನ್ನು ಮೊದಲೇ ಹಿಂದೆ ಮುಂದೆ ಸರಿಸಿ ತುದಿ ಕತ್ತರಿಸಿಕೊಳ್ಳಬೇಕು.

ಹತ್ತು ಹನ್ನೆರಡು ಪಟ್ಟಿಗಳನ್ನು ಒಟ್ಟಿ, ಮೇಲೊಂದು ಕೆಳಗೊಂದು ನಿರುಪಯೋಗಿ ಹಲಗೆಯಿಟ್ಟು ಬಿಗಿದು, 6 ಮಿ.ಮೀ. ಬೈರಿಗೆಯಿಂದ 12 ಮಿ.ಮೀ. ಅಂತರದಲ್ಲಿ ಎರಡು ತೂತು ಕೊರೆದು, ನಡುವಿನದನ್ನು ಸಣ್ಣ ಉಳಿಯಿಂದಲೋ ಸಪೂರ ಗರಗಸದಿಂದಲೋ ತೆಗೆಯುವುದು ಸರಳ ವಿಧಾನ. ಕೆಳಗಿನ ಹಲಗೆಯನ್ನು ಮರೆತರೆ ಕೊನೆಯ ಪಟ್ಟಿಯ ಬೆನ್ನಿನಲ್ಲಿ ಚಕ್ಕೆ ಏಳುತ್ತದೆ. ರೌಟರ್ ಮತ್ತು ಅಚ್ಚು ಬಳಸಿದರೆ ಕೆಲಸ ಇನ್ನೂ ಚೊಕ್ಕ. ಕಾರ್ಖಾನೆಯ ಪಂಚ್ ಅನ್ನು ಅನುಕರಿಸಿ ಸುತ್ತಿಗೆಯ ಪೆಟ್ಟಿನಿಂದ ಸೀಳು ಹೊಡೆಯುವುದು ಬೇಡ. ಪಟ್ಟಿ ಉದ್ದಕ್ಕೆ ಸಿಗಿದುಹೋಗುತ್ತದೆ.

ಮೆರುಗು

ಎರಡೂ ಮೈಗೆ ಸಮನಾಗಿ, ಒಂದೇ ಸಂಖ್ಯೆಯ ಲೇಪ ಎಂಬುದು ನಿಯಮ. ಬೀದಿಗೆ ಕಾಣದ ಮೈ ಎಂದು ಒಂದು ಕಡೆ ಬಿಟ್ಟರೆ ಆ ಮೈ ಬೇಗ ತೇವ ಹೀರಿ, ಬೇಗ ಬಿಟ್ಟು, ಪಟ್ಟಿಯನ್ನು ಡೊಂಕಾಗಿಸುತ್ತದೆ. ಎಷ್ಟು ಜತನದಿಂದ ಕೊಯ್ದಿದ್ದರೂ ಈ ಒಂದು ಸೋಮಾರಿತನ ಎಲ್ಲವನ್ನೂ ಕೆಡಿಸುತ್ತದೆ. ಸೀಳಿನ ಒಳಮೈಗೂ ಲೇಪ ಬೇಕು.

34 ಪಟ್ಟಿ ಎಂದರೆ 68 ಮೈ, ಎರಡು ಲೇಪವಾದರೆ 136. ಕುಂಚ ಹಿಡಿದವರಿಗೆ ಕೈ ಸೋಲುತ್ತದೆ. ಉದ್ದಕ್ಕೆ ಸೀಳಿದ ಪಿವಿಸಿ ಪೈಪಿನ ಎರಡೂ ತುದಿ ಮುಚ್ಚಿ, ತೆಳುವಾಗಿಸಿದ ವಾರ್ನಿಷನ್ನು ಅದರಲ್ಲಿ ತುಂಬಿ, ಪಟ್ಟಿಯನ್ನು ಅದ್ದಿ ತೆಗೆದು, ಸೀಳಿಗೆ ತಂತಿಯ ಕೊಕ್ಕೆ ಹಾಕಿ ತೂಗುಬಿಡುವುದು ಬೇಗನೆ ಮುಗಿಯುವ ದಾರಿ. ನೀರಿನ ಮೂಲದ ಪಾಲಿಯುರಿಥೇನ್ ಹಳದಿಗಟ್ಟುವುದಿಲ್ಲ, ಆದರೆ ಮೊದಲ ಲೇಪ ಮರದ ಎಳೆಗಳನ್ನು ಎಬ್ಬಿಸುತ್ತದೆ. ಒಣಗಿದ ಮೇಲೆ ನಯವಾದ ಕಾಗದದಿಂದ ಸವರಿ ಎರಡನೆಯದನ್ನು ಕೊಡಬೇಕು. ಅರಗಿನ ಪಾಲಿಶ್ ಚಂದ, ಆದರೆ ಬಿಸಿಲಿಗೂ ತೇವಕ್ಕೂ ಬೇಗ ಮಂಕಾಗುತ್ತದೆ. ಅಗಸೆ ಎಣ್ಣೆ ಬಳಸುವವರು ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬಾರದು. ಎಣ್ಣೆ ಗಾಳಿಯೊಡನೆ ಬೆರೆತು ಒಣಗುವಾಗ ಹುಟ್ಟುವ ಶಾಖ ಮುದ್ದೆಯೊಳಗೆ ಸಿಕ್ಕಿಕೊಂಡು ತಾನಾಗಿ ಬೆಂಕಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹರವಿ ಒಣಗಿಸಬೇಕು, ಇಲ್ಲವೇ ನೀರಿನಲ್ಲಿ ಮುಳುಗಿಸಬೇಕು.

ಜೋಡಣೆ

ಇಂದಿನ ತಲೆಪಟ್ಟಿ ಉಕ್ಕಿನ ಕಾಲುವೆ. ಮುಂದೆ ಮರದ ಮುಖಪಟ್ಟಿ ಅದನ್ನು ಮರೆಮಾಡುತ್ತದೆ. ಒಳಗೆ ಒಂದು ತಿರುಗುವ ಸರಳು, ಅದರ ಮೇಲೆ ಏಣಿಗೊಂದರಂತೆ ಸಣ್ಣ ಡ್ರಮ್, ತುದಿಯಲ್ಲಿ ತಿರುಪು ಗಿಯರ್. ಈ ಗಿಯರನ್ನು ಕೋಲಿನಿಂದ ತಿರುಗಿಸಬಹುದು, ಆದರೆ ಪಟ್ಟಿಗಳ ಭಾರ ಅದನ್ನು ಹಿಂದಕ್ಕೆ ತಿರುಗಿಸಲಾರದು. ಹಾಗಾಗಿಯೇ ಪಟ್ಟಿಗಳು ಇಟ್ಟ ಕೋನದಲ್ಲೇ ನಿಲ್ಲುತ್ತವೆ. ಈ ಸಲಕರಣೆಯನ್ನು ಕೊಂಡುಕೊಳ್ಳುವುದೇ ವಿವೇಕ. ಹಳೆಯ ಲೋಹದ ಬ್ಲೈಂಡಿನಿಂದ ಬಿಚ್ಚಿಕೊಳ್ಳಲೂಬಹುದು, 50 ಮಿ.ಮೀ. ಪಟ್ಟಿಗೆ ಮಾಡಿದ್ದಾದರೆ ಮಾತ್ರ.

ಎಲ್ಲವೂ ಮರದ್ದೇ ಆಗಬೇಕೆನ್ನುವವರಿಗೆ 18-19ನೆಯ ಶತಮಾನದ ವ್ಯವಸ್ಥೆ ಇದೆ. ಮೇಲೆ ಅಲ್ಲಾಡದ ಒಂದು ಹಲಗೆ. ಅದರ ಕೆಳಗೆ ಎರಡೂ ತುದಿಯಲ್ಲಿ ಮೊಳೆಯ ಮೇಲೆ ತೂಗುವ ಇನ್ನೊಂದು ಪಟ್ಟಿ. ಏಣಿಯ ಮುಂದಿನ ಬಟ್ಟೆಪಟ್ಟಿಯನ್ನು ಇದರ ಮುಂದಿನ ಅಂಚಿಗೆ, ಹಿಂದಿನದನ್ನು ಹಿಂದಿನ ಅಂಚಿಗೆ ಹೊಡೆದಿರುತ್ತಾರೆ. ಒಂದು ಹಗ್ಗ ರಾಟೆಯ ಮೇಲಿಂದ ಬಂದು ಎರಡೂ ಅಂಚಿಗೆ ಕಟ್ಟಿರುತ್ತದೆ. ಒಂದು ತುದಿ ಎಳೆದರೆ ಪಟ್ಟಿ ಮುಂದಕ್ಕೆ, ಇನ್ನೊಂದು ಎಳೆದರೆ ಹಿಂದಕ್ಕೆ ತಿರುಗುತ್ತದೆ. ಎತ್ತುವ ಹಗ್ಗಗಳ ರಾಟೆಗಳು ಮೇಲಿನ ಹಲಗೆಯಲ್ಲಿ ಕೊರೆದ ತೂತುಗಳಲ್ಲಿ ಕೂರುತ್ತವೆ. ಹಳೆಯ ಬ್ಲೈಂಡ್‌ಗಳಲ್ಲಿ ದಾರದ ಏಣಿಯ ಬದಲು ಅಗಲ ಬಟ್ಟೆಯ ಏಣಿ ಇರುತ್ತಿತ್ತು. ಮೆಟ್ಟಿಲಿಗೆ ಬದಲಾಗಿ ಕಿರಿದಾದ ಅಡ್ಡಪಟ್ಟಿಗಳು, ಒಂದು ಎಡಕ್ಕೆ ಮುಂದಿನದು ಬಲಕ್ಕೆ. ಮನೆಯ ಹೊಲಿಗೆ ಯಂತ್ರದಲ್ಲಿ ಇದನ್ನು ಹೊಲಿಯಬಹುದು. ಸೀಳುಗಳಿಂದ ನುಸುಳುವ ಬೆಳಕನ್ನೂ ಅಗಲ ಬಟ್ಟೆ ಮುಚ್ಚುತ್ತದೆ.

ಪೋಣಿಸುವಾಗ ಮೊದಲು ತಲೆಪಟ್ಟಿಯನ್ನು ತೂಗುಹಾಕಿ, ಏಣಿಗಳನ್ನು ಇಳಿಬಿಟ್ಟು, ಪಟ್ಟಿಗಳನ್ನು ಮೇಲಿನಿಂದ ಒಂದೊಂದಾಗಿ ಮೆಟ್ಟಿಲುಗಳ ಮೇಲೆ ತಳ್ಳಬೇಕು. ಆಮೇಲೆ ಹಗ್ಗ, ಒಂದು ಮೆಟ್ಟಿಲಿನ ಎಡಕ್ಕೆ, ಮುಂದಿನದರ ಬಲಕ್ಕೆ ಎಂಬಂತೆ ಹಾಯಬೇಕು. ಇದೇ ಏಣಿಯನ್ನು ಸೀಳಿನ ನೇರದಲ್ಲಿ ಹಿಡಿದಿಡುತ್ತದೆ. ಒಂದು ಕಡೆ ತಪ್ಪಿದರೂ ಮುಗಿದ ಮೇಲೆ ಪಟ್ಟಿ ಪಕ್ಕಕ್ಕೆ ಜಾರಿ ಎದ್ದು ಕಾಣುತ್ತದೆ.

ಅಳತೆ ತೆಗೆಯುವಾಗ ಕಿಟಕಿಯ ಅಗಲವನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆದು ಅತಿ ಕಡಿಮೆಯದನ್ನು ಹಿಡಿದು, ಅದರಿಂದ 8-10 ಮಿ.ಮೀ. ಕಳೆಯುವುದು ಕ್ರಮ. ಪಾಶ್ಚಾತ್ಯ ಕೈಪಿಡಿಗಳು ಇಲ್ಲಿಗೇ ನಿಲ್ಲುತ್ತವೆ. ನಮ್ಮ ಮನೆಗಳಲ್ಲಿ ಕಿಟಕಿ ಹೊರಕ್ಕೆ ತೆರೆಯುತ್ತದೆ, ಒಳಗೆ ಕಬ್ಬಿಣದ ಗ್ರಿಲ್ ಇರುತ್ತದೆ. ಬ್ಲೈಂಡ್ ಗ್ರಿಲ್ಲಿನ ಒಳಮಗ್ಗುಲಿಗೆ ಬರಬೇಕು, ಪಟ್ಟಿ ತಿರುಗಲು ಅದಕ್ಕೆ 60 ಮಿ.ಮೀ.ಗಿಂತ ಹೆಚ್ಚು ಆಳ ಬೇಕು. ಕಿಟಕಿಯ ಚಿಲಕಕ್ಕೆ ಕೈ ಹಾಕಬೇಕೆಂದರೆ ಪ್ರತಿ ಸಲ ಬ್ಲೈಂಡ್ ಎತ್ತಬೇಕು. ಕಿಟಕಿ ತೆರೆದಿದ್ದಾಗ ಗಾಳಿಗೆ ಪಟ್ಟಿಗಳು ಗ್ರಿಲ್ಲಿಗೆ ಬಡಿಯುತ್ತವೆ. ಅಡಿಪಟ್ಟಿಯ ಎರಡು ತುದಿಗೆ ಅದನ್ನು ಅಲ್ಲಾಡದಂತೆ ಹಿಡಿದಿಡುವ ಕೊಕ್ಕೆಗಳನ್ನು ಹಾಕಿದರೆ ಸದ್ದು ಕಡಿಮೆಯಾಗುತ್ತದೆ, ನಿಲ್ಲುವುದಿಲ್ಲ.

ಸುರುಳಿ ಬ್ಲೈಂಡ್

ಮೇಲಿನದ್ದೆಲ್ಲ ಹೆಚ್ಚಾಯಿತು ಎನ್ನಿಸಿದವರಿಗೆ ಸುರುಳಿಯ ಬಗೆ ಇದೆ. ತೆಳು ಮರದ ಅಥವಾ ಬಿದಿರಿನ ಕಡ್ಡಿಗಳನ್ನು ದಾರದಲ್ಲಿ ಹೆಣೆದ ಚಾಪೆ ಇದು. ನಮ್ಮ ಜಗಲಿಗಳ ಬಿದಿರ ಚಿಕ್, ಜಪಾನಿನ ಸುದಾರೆ ಇದೇ ಕುಲದವು. ಅಮೆರಿಕದಲ್ಲಿ 20ನೆಯ ಶತಮಾನದ ಆರಂಭದಲ್ಲಿ ವಿಸ್ಕಾನ್ಸಿನ್‌ನ ಜೇನ್ಸ್‌ವಿಲ್‌ನ ಹಫ್ ಶೇಡ್ ಕಂಪನಿ ‘ವ್ಯೂಡೋರ್’ ಹೆಸರಿನಲ್ಲಿ ಮರದ ಪಟ್ಟಿಗಳ ಜಗಲಿ ಪರದೆಗಳನ್ನು ಮಾರುತ್ತಿತ್ತು. ಹೆಣೆಯಲು ಮಗ್ಗ ಬೇಕಿಲ್ಲ. ಎರಡು ಕಾಲಿನ ಮೇಲೆ ಅಡ್ಡ ತೊಲೆ, ಅದರ ಮೇಲೆ ಕಡ್ಡಿ, ತೊಲೆಯ ಮುಂದೊಂದು ಹಿಂದೊಂದು ಭಾರ ಕಟ್ಟಿದ ದಾರದ ಉಂಡೆ. ಮುಂದಿನದನ್ನು ಹಿಂದಕ್ಕೆ, ಹಿಂದಿನದನ್ನು ಮುಂದಕ್ಕೆ ದಾಟಿಸಿದರೆ ಕಡ್ಡಿ ಬಂಧಿಯಾಯಿತು. ಮುಂದಿನ ಕಡ್ಡಿ ಇಡಬಹುದು. ಕೋನ ಬದಲಿಸಲಾಗದು ಎಂಬುದೊಂದೇ ಕೊರತೆ. ಬಿಸಿಲು ಮಳೆ ಬೀಳುವ ಜಗಲಿಗೆ ವೆನೀಷಿಯನ್‌ಗಿಂತ ಇದೇ ವಾಸಿ.

ಬಿಸಿಲು, ಹಗ್ಗ, ಮಕ್ಕಳು

ಗಾಜಿನ ಒಳಗಿರುವ ಯಾವ ಬ್ಲೈಂಡೂ ಹೊರಗಿನ ನೆರಳಿಗೆ ಸಮನಲ್ಲ. ಬಿಸಿಲು ಆಗಲೇ ಗಾಜು ದಾಟಿ ಬಂದಿರುತ್ತದೆ. ಅದರಲ್ಲಿ ಎಷ್ಟು ಪಾಲು ಹಿಂದಕ್ಕೆ ಹೋಗುತ್ತದೆ ಎಂಬುದು ಪಟ್ಟಿಯ ಬಣ್ಣದ ಮೇಲೆ ನಿಂತಿದೆ. ಚೆನ್ನಾಗಿ ಪ್ರತಿಫಲಿಸುವ ಬ್ಲೈಂಡನ್ನು ಪೂರ್ತಿ ಮುಚ್ಚಿದರೆ ಒಳಬರುವ ಶಾಖ ನೂರಕ್ಕೆ ಸುಮಾರು 45ರಷ್ಟು ತಗ್ಗಬಹುದೆಂದು ಅಮೆರಿಕದ ಇಂಧನ ಇಲಾಖೆ ಹೇಳುತ್ತದೆ. ಗಾಢ ಬಣ್ಣದ ತೇಗದ ಪಟ್ಟಿಯಿಂದ ಇದನ್ನು ನಿರೀಕ್ಷಿಸಬಾರದು.

ಎತ್ತುವ ಹಗ್ಗ ಚಿಕ್ಕ ಮಕ್ಕಳ ಕೊರಳಿಗೆ ಸುತ್ತಿಕೊಂಡು ಸಾವುಗಳಾಗಿವೆ. 2009ರ ಡಿಸೆಂಬರಿನಲ್ಲಿ ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ರೋಮನ್ ಮತ್ತು ಸುರುಳಿ ಬಗೆಯ ಸುಮಾರು 5 ಕೋಟಿ ಪರದೆಗಳನ್ನು ವಾಪಸು ಕರೆಸುವ ಪ್ರಕಟಣೆ ಹೊರಡಿಸಿತು. 2018ರ ಡಿಸೆಂಬರ್ 15ರಿಂದ ಅಲ್ಲಿ ಅಂಗಡಿಯ ಸಿದ್ಧ ಬ್ಲೈಂಡ್‌ಗಳಿಗೆ ಹಗ್ಗವೇ ಇರಬಾರದು ಅಥವಾ ಮಕ್ಕಳ ಕೈಗೆ ಸಿಗಬಾರದು. ಯುರೋಪಿನ ನಿಯಮದಂತೆ ಹಗ್ಗ ಸುತ್ತಿಡುವ ಕೊಕ್ಕೆ ನೆಲದಿಂದ ಕನಿಷ್ಠ 1.5 ಮೀಟರ್ ಎತ್ತರದಲ್ಲಿರಬೇಕು. ಮನೆಯಲ್ಲಿ ಮಾಡಿದ ಬ್ಲೈಂಡನ್ನು ಯಾರೂ ಪರೀಕ್ಷಿಸಲು ಬರುವುದಿಲ್ಲವಾದ್ದರಿಂದ ಈ ಎಚ್ಚರ ಮಾಡುವವರದ್ದೇ. ಹಗ್ಗದ ತುದಿಗಳನ್ನು ಒಟ್ಟಿಗೆ ಗಂಟು ಹಾಕಿ ಕುಣಿಕೆ ಮಾಡಬಾರದು; ಪ್ರತಿಯೊಂದಕ್ಕೂ ಬೇರೆ ಗುಂಡು ಕಟ್ಟಬೇಕು. ಮಕ್ಕಳಿರುವ ಕೋಣೆಯಲ್ಲಿ ಎತ್ತುವ ಹಗ್ಗವನ್ನೇ ಕೈಬಿಟ್ಟು, ಕೋಲಿನಿಂದ ಓರೆ ಮಾತ್ರ ಮಾಡುವ ಬ್ಲೈಂಡ್ ಹಾಕುವುದು ಉತ್ತಮ. ಆಗ ಸೀಳು ಕೊರೆಯುವ ಕೆಲಸವೂ ಉಳಿಯುತ್ತದೆ, ಆದರೆ ಪಟ್ಟಿಗಳು ಪಕ್ಕಕ್ಕೆ ಜಾರದಂತೆ ಏಣಿಯ ಬಳಿ ಅಂಚಿನಲ್ಲಿ ಸಣ್ಣ ಕಚ್ಚು ಹಾಕಿಕೊಳ್ಳಬೇಕು.

ದುರಸ್ತಿ

ಒಣ ಬಟ್ಟೆ ಅಥವಾ ಕುಂಚದಿಂದ ಧೂಳು ಹೊಡೆದರೆ ಸಾಕು; ಒದ್ದೆ ಬಟ್ಟೆ ಬೇಡ, ಬಚ್ಚಲುಮನೆಯ ಕಿಟಕಿಗೆ ಮರದ ಬ್ಲೈಂಡೇ ಬೇಡ. ಮೊದಲು ಸವೆಯುವುದು ಹಗ್ಗ, ಅದೂ ತಲೆಪಟ್ಟಿಯಲ್ಲಿ ಹಗ್ಗವನ್ನು ಕಚ್ಚಿ ನಿಲ್ಲಿಸುವ ಹಿಡಿತದ ಬಳಿ. ಹೊಸ ಹಗ್ಗದ ತುದಿಯನ್ನು ಹಳೆಯದರ ತುದಿಗೆ ಅಂಟುಪಟ್ಟಿಯಿಂದ ಕೂಡಿಸಿ ಎಳೆದರೆ ಬಿಚ್ಚದೆಯೇ ಬದಲಿಸಬಹುದು. ಪಟ್ಟಿ ಮುರಿದರೆ ಅಡಿಪಟ್ಟಿಯ ಕೆಳಗಿನ ಗಂಟು ಬಿಚ್ಚಿ, ಹಗ್ಗವನ್ನು ಆ ಪಟ್ಟಿಯ ಮೇಲಿನವರೆಗೆ ಎಳೆದುಕೊಂಡು, ಪಟ್ಟಿಯನ್ನು ಪಕ್ಕಕ್ಕೆ ಜಾರಿಸಿ ತೆಗೆದು, ಹೊಸದನ್ನು ತಳ್ಳಿ ಮತ್ತೆ ಪೋಣಿಸುವುದು. ಮೊದಲೇ ಹೆಚ್ಚಿಗೆ ಮಾಡಿದ ಪಟ್ಟಿಗಳಿಗೂ ಉಳಿದವುಗಳ ಜೊತೆಗೇ ಮೆರುಗು ಕೊಟ್ಟು, ಕತ್ತಲಲ್ಲಿಡದೆ ಬೆಳಕು ಬೀಳುವಲ್ಲಿ ಚಪ್ಪಟೆಯಾಗಿ ಇಟ್ಟಿರಬೇಕು. ಇಲ್ಲದಿದ್ದರೆ ಕಿಟಕಿಯಲ್ಲಿದ್ದವು ಬಿಸಿಲಿಗೆ ಬಣ್ಣ ಬದಲಿಸಿರುತ್ತವೆ, ಬದಲಿ ಪಟ್ಟಿ ಹಾಕಿದ ಕೂಡಲೇ ಬೇರೆಯಾಗಿ ಕಾಣುತ್ತದೆ.